ಕಾರು ಓಡುತ್ತಿತ್ತು, ಫೋಟೊದಲ್ಲಿ ನಿಂತುಬಿಟ್ಟಿದೆ!

ಪ್ರಶ್ನೆ: ನಮ್ಮ ಭಾವ ಹೊಸ ಕಾರು ತೆಗೆದುಕೊಂಡಿದ್ದಾರೆ. ಅದು ಓಡುವಾಗಿನ ಒಂದು ಒಳ್ಳೆಯ ಫೋಟೊ ಬೇಕು ಅಂದರು. ಊರಾಚೆ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ನಾಲ್ಕೈದು ಸಲ ಓಡಿಸಿದರು. ನಾನು ಶಟರ್ 1/1000 ಸೆಕೆಂಡ್ ಮಾತ್ರ ತೆರೆದಿರುವಂತೆ ಇಟ್ಟು ತೆಗೆದೆ. ಫೋಟೊ ತುಂಬಾ ಸ್ಪಷ್ಟವಾಗಿದೆ, ಆದರೆ ಕಾರು ರಸ್ತೆ ಮಧ್ಯೆ ನಿಲ್ಲಿಸಿದ ಹಾಗಿದೆ. ಭಾವ ನೋಡಿ, "ಇದಕ್ಕೆ ನಾನ್ಯಾಕೆ ಪೆಟ್ರೋಲ್ ಸುಡಬೇಕಿತ್ತು?" ಅಂದರು. ಶಟರ್ 1/15ಕ್ಕೆ ಇಳಿಸಿದರೆ ಕಾರೇ ಇಲ್ಲ, ಬರೀ ಬಿಳಿ ಪಟ್ಟೆ. ನನ್ನ ಹತ್ತಿರ 18-55 ಲೆನ್ಸ್ ಒಂದೇ ಇರುವುದು. ಟ್ರೈಪಾಡ್ ಇಲ್ಲ. ಎಲ್ಲಿ ತಪ್ಪಿದೆ?
– ಹಾಸನದ ಒಬ್ಬ ಓದುಗ

ಉತ್ತರ: ನಿಮ್ಮ ಭಾವ ಹೇಳಿದ ಮಾತು ನನಗೂ ಒಂದು ಸಲ ಕೇಳಿಬಂದಿದೆ. ಫಿಲ್ಮ್ ಕಾಲ. ಮೊದಲ ಸಲ ಕಾರ್ ರ‍್ಯಾಲಿ ನೋಡಲು ಹೋಗಿದ್ದೆ. 36 ಫ್ರೇಮಿನ ಒಂದೇ ರೋಲ್. ಕಾರು ಅಷ್ಟು ಜೋರಾಗಿ ಬರುತ್ತಿದೆ, ಶಟರ್ ಕೂಡ ಜೋರಾಗೇ ಇರಬೇಕು ಅಂದುಕೊಂಡು ಕ್ಯಾಮೆರಾದಲ್ಲಿದ್ದ ಕೊನೆಯ ಅಂಕಿ 1/1000 ಇಟ್ಟು ರೋಲ್ ಮುಗಿಸಿದೆ. ಫಿಲ್ಮ್ ತೊಳೆದುಕೊಟ್ಟ ಸ್ಟುಡಿಯೋದವರು ಪ್ರಿಂಟ್‌ಗಳನ್ನು ತಿರುವಿ, "ಶೋರೂಂ ಫೋಟೊನಾ ಸಾರ್?" ಅಂದರು.

ನಿಮ್ಮ ಲೆನ್ಸ್ ಸಾಕು. ಟ್ರೈಪಾಡ್ ಬೇಡ. ಬೇಕಾಗಿರುವುದು ಒಂದು ಸಣ್ಣ ಲೆಕ್ಕ, ಸ್ವಲ್ಪ ಸೊಂಟದ ಕೆಲಸ, ಮತ್ತೆ ಭಾವನ ತಾಳ್ಮೆ.

ಲೆಕ್ಕ ಮೊದಲು. ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್. 1/1000 ಸೆಕೆಂಡಿನಲ್ಲಿ ಕಾರು ಮುಂದೆ ಹೋಗುವುದು 1.7 ಸೆಂ.ಮೀ. ಒಂದು ಬೆರಳಗಲ. ನಾಲ್ಕು ಮೀಟರ್ ಉದ್ದದ ಕಾರು ಬೆರಳಗಲ ಸರಿದರೆ ಯಾರ ಕಣ್ಣಿಗೆ ಬೀಳುತ್ತದೆ? ಚಕ್ರವೂ ಅಷ್ಟರಲ್ಲಿ ತಿರುಗುವುದು ಬರೀ ಮೂರು ಡಿಗ್ರಿ. ಗಡಿಯಾರದ ನಿಮಿಷದ ಮುಳ್ಳು ಅರ್ಧ ನಿಮಿಷದಲ್ಲಿ ಸರಿಯುವಷ್ಟು. ಹಾಗಾಗಿ ನಿಮ್ಮ ಕ್ಯಾಮೆರಾ ಸುಳ್ಳು ಹೇಳಿಲ್ಲ. ಆ ಒಂದು ಕ್ಷಣದಲ್ಲಿ ಕಾರು ನಿಜವಾಗಿಯೂ ನಿಂತಂತೆಯೇ ಇತ್ತು.

1/15ರಲ್ಲಿ ಅದೇ ಕಾರು 1.1 ಮೀಟರ್ ಓಡಿದೆ. ನೀವು ಕ್ಯಾಮೆರಾವನ್ನು ಅಲ್ಲಾಡಿಸದೆ ಗಟ್ಟಿಯಾಗಿ ಹಿಡಿದು ನಿಂತಿದ್ದಿರಿ ಅಂತ ಕಾಣುತ್ತದೆ. ಹಾಗಾಗಿ ರಸ್ತೆ, ಮರ, ಮೈಲಿಗಲ್ಲು ಎಲ್ಲ ಚೂಪಾಗಿ ಬಂದು ಕಾರೊಂದೇ ಕಲಸಿಹೋಯಿತು.

ಈಗ ಕ್ಯಾಮೆರಾ ಬದಿಗಿಟ್ಟು ಸುಮ್ನೆ ರಸ್ತೆ ಪಕ್ಕ ನಿಂತು ಒಂದು ಕಾರನ್ನು ನೋಡಿ. ಅದು ಎದುರಿಗೆ ಹಾದುಹೋಗುವಾಗ ನಿಮ್ಮ ಕತ್ತು ತಾನಾಗಿ ತಿರುಗುತ್ತದೆ. ಕಾರು ಸ್ಪಷ್ಟ, ಹಿಂದಿನ ಮರಗಳು ಹರಿದ ಹಾಗೆ. ಕತ್ತು ಮಾಡುವ ಆ ಕೆಲಸವನ್ನೇ ಕ್ಯಾಮೆರಾ ಕೈಲಿ ಮಾಡಿಸುವುದಕ್ಕೆ ಪ್ಯಾನಿಂಗ್ ಅನ್ನುತ್ತಾರೆ. ಕಾರಿನ ಜೊತೆಗೇ ಕ್ಯಾಮೆರಾ ತಿರುಗಿಸುತ್ತಾ, ತಿರುಗಿಸುತ್ತಲೇ ಬಟನ್ ಒತ್ತುವುದು.

ಇಲ್ಲಿ ಎಲ್ಲರೂ ಕೇಳುವುದು, "ಶಟರ್ ಎಷ್ಟಿಡಲಿ ಸಾರ್?" ಅಂತ. ನಾನು ಸೆಕೆಂಡಿನಲ್ಲಿ ಯೋಚನೆ ಮಾಡುವುದನ್ನು ಬಿಟ್ಟು ಬಹಳ ದಿನವಾಯಿತು. ಹೂವು ಮಾರುವವರ ಹಾಗೆ ಗೇಣು, ಮೊಳದಲ್ಲಿ ಯೋಚಿಸುತ್ತೇನೆ. ಯಾಕೆ ಅಂದರೆ, ಕಾರು ಅಡ್ಡಲಾಗಿ ಹಾದುಹೋಗುವಾಗ ಪ್ಯಾನಿಂಗ್ ಮಾಡಿದರೆ, ಶಟರ್ ತೆರೆದಿದ್ದಷ್ಟು ಹೊತ್ತು ಕಾರು ಎಷ್ಟು ದೂರ ಓಡಿತೋ ಹಿನ್ನೆಲೆಯಲ್ಲಿ ಅಷ್ಟೇ ಉದ್ದದ ಗೆರೆ ಮೂಡುತ್ತದೆ. ಅಷ್ಟೇ ಉದ್ದ ಅಂದರೆ ಫೋಟೊದಲ್ಲಿರುವ ಕಾರಿನ ಅಳತೆಗೆ ಹೋಲಿಸಿದರೆ. ಲೆನ್ಸ್ ಯಾವುದೇ ಇರಲಿ, ಹತ್ತಿರ ನಿಲ್ಲಿ, ದೂರ ನಿಲ್ಲಿ, ಈ ಪ್ರಮಾಣ ಬದಲಾಗುವುದಿಲ್ಲ.

ಇದರಿಂದ ಒಂದು ಸುಲಭ ಸೂತ್ರ ಸಿಗುತ್ತದೆ. ಸ್ಪೀಡೋಮೀಟರ್‌ನ ಅಂಕಿಯನ್ನೇ ಶಟರ್‌ಗೆ ಇಡಿ. ಕಾರು 60ರಲ್ಲಿದ್ದರೆ 1/60, 40ರಲ್ಲಿದ್ದರೆ 1/40, 30ರಲ್ಲಿದ್ದರೆ 1/30. ಮೂರರಲ್ಲೂ ಕಾರು ಓಡುವುದು 28 ಸೆಂ.ಮೀ., ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಇದು ಗೇಣಿನ ಫೋಟೊ. ಕಲಿಯುವವರಿಗೆ ಇದು ಸಾಕು. ಶಟರ್ ತೆರೆದಿರುವ ಸಮಯವನ್ನು ಎರಡರಷ್ಟು ಮಾಡಿದರೆ, ಅಂದರೆ 40 ಕಿ.ಮೀ.ಗೆ 1/20 ಇಟ್ಟರೆ, 56 ಸೆಂ.ಮೀ. ಮೊಳಕ್ಕಿಂತ ಕೊಂಚ ಹೆಚ್ಚು. ಮೊಳದ ಫೋಟೊ ಸಿಕ್ಕಿತು ಅಂದರೆ ಹಿನ್ನೆಲೆ ಬಣ್ಣದ ಗೆರೆಗಳಾಗಿ ಹರಿದುಬಿಡುತ್ತದೆ. ಸಿಗುವುದು ಕಷ್ಟ, ಆದರೆ ಸಿಕ್ಕಿದರೆ ಗೋಡೆಗೆ ಹಾಕುವಂಥದ್ದು.

ಚಕ್ರದ ವಿಷಯವೂ ಇದೇ ಲೆಕ್ಕದಲ್ಲಿ ಬರುತ್ತದೆ. 15 ಇಂಚಿನ ರಿಮ್ ಇರುವ ಸಾಮಾನ್ಯ ಹ್ಯಾಚ್‌ಬ್ಯಾಕ್ ಟೈರಿನ ಸುತ್ತಳತೆ ಸುಮಾರು 1.95 ಮೀಟರ್. ಕಾರು ಒಂದು ಗೇಣು ಓಡುವಷ್ಟರಲ್ಲಿ ಚಕ್ರ 50 ಡಿಗ್ರಿಗಿಂತ ಸ್ವಲ್ಪ ಜಾಸ್ತಿ ತಿರುಗಿರುತ್ತದೆ. ಐದು ಕಡ್ಡಿಯ ಅಲಾಯ್ ವೀಲ್‌ನಲ್ಲಿ ಕಡ್ಡಿಯಿಂದ ಕಡ್ಡಿಗೆ 72 ಡಿಗ್ರಿ. ಹಾಗಾಗಿ ಕಡ್ಡಿಗಳು ಕಲಸಿದಂತಾಗಿ, ಆದರೆ ಪೂರ್ತಿ ಮಾಯವಾಗದೆ, ಚಕ್ರ ತಿರುಗುತ್ತಿದೆ ಅಂತ ಗೊತ್ತಾಗುತ್ತದೆ. ಮೊಳದ ಫೋಟೊದಲ್ಲಿ ಚಕ್ರ ಒಂದು ನುಣುಪಾದ ತಟ್ಟೆಯಾಗುತ್ತದೆ. ಬೆರಳಗಲದ ಫೋಟೊದಲ್ಲಿ ಕಡ್ಡಿ ಎಣಿಸಬಹುದು. ನಿಮ್ಮ ಕಾರು ನಿಂತಂತೆ ಕಾಣಲು ಅರ್ಧ ಕಾರಣ ಆ ಎಣಿಸಬಹುದಾದ ಕಡ್ಡಿಗಳೇ.

ಈ ಸೂತ್ರದಿಂದ ಇನ್ನೊಂದು ಲಾಭ ಇದೆ. 60ರಲ್ಲಿ ಓಡಿಸಿ 1/60ರಲ್ಲಿ ತೆಗೆದರೂ, 30ರಲ್ಲಿ ಓಡಿಸಿ 1/30ರಲ್ಲಿ ತೆಗೆದರೂ ಫೋಟೊ ಹೆಚ್ಚುಕಡಿಮೆ ಒಂದೇ. ಹಾಗಿರುವಾಗ ಭಾವ ಯಾಕೆ ಜೋರಾಗಿ ಓಡಿಸಬೇಕು? 30ರಿಂದ 40ರೊಳಗೆ, ಒಂದೇ ವೇಗದಲ್ಲಿ ಬರಲಿ. ಬ್ರೇಕ್ ಒತ್ತದೆ, ಆಕ್ಸಿಲರೇಟರ್ ಹೆಚ್ಚು ತುಳಿಯದೆ. ನೋಡುವವರಿಗೆ ಅದು 80 ಅನಿಸಿದರೆ ಅನಿಸಲಿ ಬಿಡಿ.

ಇನ್ನು ನಿಲ್ಲುವ ಜಾಗ. 18-55 ಲೆನ್ಸನ್ನು 55ಕ್ಕೆ, ಅಂದರೆ ಪೂರ್ತಿ ಜೂಮ್‌ಗೆ ಎಳೆದು, ಕಾರು ಹೋಗುವ ಸಾಲಿನಿಂದ 15 ಮೀಟರ್ ದೂರ ನಿಲ್ಲಿ. ಅಂದರೆ 20 ಹೆಜ್ಜೆ. ಆಗ ನಾಲ್ಕು ಮೀಟರ್ ಕಾರು ಫ್ರೇಮಿನ ಅಗಲದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬುತ್ತದೆ. ಮುಂದೆ ಜಾಗ ಬಿಡಿ, ಮೂತಿ ಫ್ರೇಮಿಗೆ ತಾಗುವ ಹಾಗಿದ್ದರೆ ಕಾರು ಗೋಡೆಗೆ ಗುದ್ದುವಂತೆ ಕಾಣುತ್ತದೆ. 18ಕ್ಕೆ ಇಟ್ಟು ಹತ್ತಿರ ಹೋಗಿ ನಿಲ್ಲುವ ಆಸೆ ಎಲ್ಲರಿಗೂ ಬರುತ್ತದೆ. ಈಗಲೇ ಬೇಡ. ಹತ್ತಿರ ನಿಂತಾಗ ಕಾರಿನ ಮೂತಿ ಒಂದು ವೇಗದಲ್ಲಿ, ಬಾಲ ಇನ್ನೊಂದು ವೇಗದಲ್ಲಿ ಕಣ್ಣೆದುರು ಸರಿಯುತ್ತವೆ. ಹೆಡ್‌ಲೈಟ್ ಚೂಪಾಗಿ ಬಂದು ಡಿಕ್ಕಿ ಕಲಸಿಹೋಗುತ್ತದೆ. ಬೇಕೆಂದೇ ಹಾಗೆ ಮಾಡುವವರೂ ಇದ್ದಾರೆ, ಚೆನ್ನಾಗೂ ಇರುತ್ತದೆ. ಮೊದಲ ದಿನಕ್ಕೆ ಅಲ್ಲ ಅಷ್ಟೇ.

ತಿರುವಿನ ಒಳಮಗ್ಗುಲಲ್ಲಿ ಒಂದು ಗದ್ದೆ, ತೋಟ, ಯಾವುದಾದರೂ ಸುರಕ್ಷಿತ ಜಾಗ ಸಿಕ್ಕಿದರೆ ಬಿಡಬೇಡಿ. ಅಲ್ಲಿ ನಿಂತರೆ ಕಾರು ಹಗ್ಗ ಕಟ್ಟಿದ ಹಾಗೆ ನಿಮ್ಮ ಸುತ್ತ ಒಂದೇ ದೂರದಲ್ಲಿ ಬರುತ್ತದೆ. ಫೋಕಸ್ ಬದಲಾಗುವುದಿಲ್ಲ, ತಿರುಗುವ ವೇಗವೂ ಬದಲಾಗುವುದಿಲ್ಲ. ನೇರ ರಸ್ತೆಯಾದರೆ ಕಾರು ನಿಮಗೆ ಸರಿಯಾಗಿ ಅಡ್ಡ ಬಂದಾಗ ಒತ್ತಿ. ದೂರದಿಂದ ಬರುವಾಗ ನೀವು ತಿರುಗುವ ವೇಗ ಹೆಚ್ಚುತ್ತಾ ಹೋಗುತ್ತದೆ, ದಾಟಿದ ಮೇಲೆ ಕಡಿಮೆಯಾಗುತ್ತದೆ. ಎದುರಿಗೆ ಬಂದ ಆ ಗಳಿಗೆಯಲ್ಲಿ ಮಾತ್ರ ಅದು ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ಹಿನ್ನೆಲೆ ಬಗ್ಗೆ ಒಂದು ತಪ್ಪು ನಂಬಿಕೆ ಇದೆ. ಹಿಂದಿರುವುದು ಹತ್ತಿರ ಇದ್ದಷ್ಟೂ ಜಾಸ್ತಿ ಹರಿಯುತ್ತದೆ ಅಂತ. ಕಾರಿನೊಳಗೆ ಕೂತು ಹೊರಗೆ ನೋಡುವಾಗ ಅದು ನಿಜ. ಬೇಲಿ ಓಡುತ್ತದೆ, ದೂರದ ಬೆಟ್ಟ ಜೊತೆಗೇ ಬರುತ್ತದೆ. ಆದರೆ ನೀವು ನಿಂತಲ್ಲೇ ತಿರುಗುವಾಗ ಬೇಲಿ, ಬೆಟ್ಟ ಎರಡೂ ಒಂದೇ ಸಮ ಹರಿಯುತ್ತವೆ. ಹಾಗಾಗಿ ಹಿನ್ನೆಲೆ ಎಷ್ಟು ದೂರ ಅಂತ ನೋಡಬೇಡಿ. ಅದರಲ್ಲಿ ಏನಿದೆ ಅಂತ ನೋಡಿ. ಬರೀ ಆಕಾಶ ಇದ್ದರೆ ಎಷ್ಟು ತಿರುಗಿಸಿದರೂ ಆಕಾಶವೇ. ಬಿಳಿ ಕಾಂಪೌಂಡ್ ಗೋಡೆಯೂ ಹಾಗೇ. ಎಲೆಗಳ ಸಂದಿಯಲ್ಲಿ ಬೆಳಕು ತೂರುವ ಮರಗಳ ಸಾಲು, ಪೋಸ್ಟರ್ ಹಚ್ಚಿದ ಗೋಡೆ, ಬಣ್ಣಬಣ್ಣದ ಅಂಗಡಿ ಬೋರ್ಡುಗಳು, ತೆಂಗಿನ ತೋಟ – ಇವು ಒಳ್ಳೆಯ ಗೆರೆ ಕೊಡುತ್ತವೆ. ಬಿಳಿ ಕಾರಾದ್ದರಿಂದ ಕಡು ಹಸಿರು ಹಿನ್ನೆಲೆ ಹುಡುಕಿ.

ಬೆಳಕು ನಿಮಗೆ ತೊಂದರೆ ಕೊಡುವ ವಿಷಯ. ನಡುಹಗಲಲ್ಲಿ ಐಎಸ್‌ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) 100, ಲೆನ್ಸಿನ ಕಂಡಿ ಎಫ್/16 (ಅಂಕಿ ದೊಡ್ಡದಾದಷ್ಟೂ ಕಂಡಿ ಚಿಕ್ಕದು) ಇಟ್ಟರೆ ಶಟರ್ ಸುಮಾರು 1/100 ಬೇಕಾಗುತ್ತದೆ. 1/30ಕ್ಕೆ ಇಳಿಸಲು ಹೋದರೆ ಫೋಟೊ ಬೆಳ್ಳಗಾಗಿಬಿಡುತ್ತದೆ. ಎಫ್/22ಕ್ಕೆ ಹೋದರೆ ಚಿತ್ರ ಮೃದುವಾಗುತ್ತದೆ, ಸೆನ್ಸರ್ ಮೇಲಿನ ಧೂಳಿನ ಚುಕ್ಕೆಗಳೆಲ್ಲ ಎದ್ದು ಕಾಣುತ್ತವೆ. ಲೆನ್ಸಿಗೆ ಕೂಲಿಂಗ್ ಗ್ಲಾಸಿನ ಹಾಗಿರುವ ಎನ್‌ಡಿ 8 ಫಿಲ್ಟರ್ ಹಾಕಿದರೆ ಅದೇ ಬಿಸಿಲಲ್ಲಿ ಎಫ್/8, 1/50 ಸಿಗುತ್ತದೆ. ಆದರೆ ದುಡ್ಡು ಖರ್ಚು ಮಾಡುವ ಮೊದಲು ಬೆಳಿಗ್ಗೆ ಆರೂವರೆಗೆ ಒಂದು ಸಲ ಹೋಗಿ ನೋಡಿ. ಬೆಳಕು ಕಡಿಮೆ, ಟ್ರಾಫಿಕ್ಕೂ ಕಡಿಮೆ, ಬಾನೆಟ್ ಮೇಲೆ ಮಧ್ಯಾಹ್ನದ ಹಾಗೆ ಬಿಸಿಲು ಚುಚ್ಚುವುದಿಲ್ಲ.

ಕ್ಯಾಮೆರಾದ ಡಯಲ್ ಎಸ್ (S) ಅಥವಾ ಟಿವಿಯಲ್ಲಿ (Tv) ಇರಲಿ, ಆಗ ಶಟರ್ ಎಷ್ಟು ಅಂತ ನೀವೇ ಆರಿಸಬಹುದು. ಫೋಕಸ್ ಎಎಫ್-ಸಿ ಅಥವಾ ಎಐ ಸರ್ವೋ, ಅಂದರೆ ಓಡುವುದನ್ನು ಹಿಂಬಾಲಿಸುವಂಥದ್ದು. ಒತ್ತಿ ಹಿಡಿದರೆ ಸಾಲಾಗಿ ಫೋಟೊ ತೆಗೆಯುವ ಬರ್ಸ್ಟ್ ಆನ್. ಕೈನಡುಕ ಸರಿಪಡಿಸುವ ಲೆನ್ಸಿನ ಸ್ಟೆಬಿಲೈಸರ್ ಕೆಲವದರಲ್ಲಿ ಪ್ಯಾನಿಂಗನ್ನು ತಾನೇ ಗುರುತಿಸುತ್ತದೆ, ಕೆಲವದರಲ್ಲಿ ಮೋಡ್ 2 ಅಂತ ಇರುತ್ತದೆ. ಎರಡೂ ಇಲ್ಲದಿದ್ದರೆ ಆಫ್ ಮಾಡಿ, ಇಲ್ಲವಾದರೆ ನೀವು ಆ ಕಡೆ ಎಳೆದರೆ ಅದು ಈ ಕಡೆ ಎಳೆಯುತ್ತದೆ.

ಈಗ ಸೊಂಟ. ಪಾದಗಳನ್ನು ಕಾರು ಬರುವ ದಿಕ್ಕಿಗೆ ಇಡಬೇಡಿ. ಎಲ್ಲಿ ಬಟನ್ ಒತ್ತುತ್ತೀರೋ ಆ ಕಡೆಗೆ ಇಡಿ, ಸ್ವಲ್ಪ ಅಗಲಿಸಿ. ಆಮೇಲೆ ಸೊಂಟದಿಂದ ಮೇಲೆ ಮಾತ್ರ ತಿರುಗಿ ಕಾರು ಬರುವ ಕಡೆ ನೋಡಿ. ಮೈ ಒಂದು ಸ್ಪ್ರಿಂಗ್ ಹಾಗೆ ಸುತ್ತಿಕೊಂಡಿರುತ್ತದೆ. ಕಾರು ಬರುತ್ತಿದ್ದಂತೆ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ, ಎದುರಿಗೆ ಬಂದಾಗ ನೀವು ನೆಟ್ಟಗಾಗಿರುತ್ತೀರಿ. ಮೊಣಕೈ ಪಕ್ಕೆಗೆ ಒತ್ತಿರಲಿ. ಫೋಕಸ್ ಚುಕ್ಕೆಯನ್ನು ಮುಂಬಾಗಿಲ ಹಿಡಿಕೆಯ ಮೇಲೆ ಕೂರಿಸಿ, ಅಲ್ಲಿಂದ ಕದಲಿಸಬೇಡಿ. ದೂರದಿಂದಲೇ ಹಿಂಬಾಲಿಸಲು ಶುರು ಮಾಡಿ. ಬಟನ್ ಕುಟ್ಟಬೇಡಿ, ಮೆಲ್ಲಗೆ ಅದುಮಿ. ಒತ್ತಿದ ಮೇಲೂ ತಿರುಗುತ್ತಲೇ ಇರಿ. ಹೊಸಬರು ತಪ್ಪುವುದು ಹೆಚ್ಚಾಗಿ ಇಲ್ಲೇ. ಕ್ಲಿಕ್ ಅಂದ ತಕ್ಷಣ ನಿಂತುಬಿಡುತ್ತಾರೆ. ಕ್ರಿಕೆಟ್‌ನಲ್ಲಿ ಚೆಂಡಿಗೆ ಬ್ಯಾಟ್ ತಾಗಿದ ಮೇಲೂ ಬ್ಯಾಟ್ ಬೀಸು ಮುಗಿಸುತ್ತದಲ್ಲ, ಹಾಗೆ.

ನೂರರಲ್ಲಿ ಐದೋ ಹತ್ತೋ ಫೋಟೊ ನಿಂತರೆ ಅದು ಒಳ್ಳೆಯ ದಿನ. ನನಗೂ ಅಷ್ಟೇ. ಉಳಿದ ತೊಂಬತ್ತನ್ನು ಅಲ್ಲೇ ಅಳಿಸಬೇಡಿ, ಮನೆಗೆ ತಂದು ದೊಡ್ಡದು ಮಾಡಿ ನೋಡಿ. ಹಿನ್ನೆಲೆಯಲ್ಲಿ ಒಂದು ಬೆಳಕಿನ ಚುಕ್ಕೆ ಹುಡುಕಿ. ಅದರ ಗೆರೆ ನೇರವಾಗಿದ್ದರೆ ನಿಮ್ಮ ಕೈ ನೆಟ್ಟಗೆ ತಿರುಗಿದೆ. ಅಲೆಯಂತೆ ಇದ್ದರೆ ಉಸಿರು, ಮೊಣಕೈ ಏನೋ ಅಲುಗಿದೆ. ಗೆರೆಯ ಒಂದು ತುದಿ ಕೊಕ್ಕೆಯಂತೆ ಬಾಗಿದ್ದರೆ ಬಟನ್ ಕುಟ್ಟಿದ್ದೀರಿ. ಗೆರೆ ಚೆನ್ನಾಗಿದೆ, ಕಾರು ಮಾತ್ರ ಅಡ್ಡಡ್ಡ ಕಲಸಿದೆ ಅಂದರೆ ನೀವು ಮತ್ತು ಕಾರು ಬೇರೆ ಬೇರೆ ವೇಗದಲ್ಲಿದ್ದಿರಿ. ಆ ಕೆಟ್ಟ ಫೋಟೊಗಳು ಹೇಳಿಕೊಟ್ಟಷ್ಟು ನಾನು ಹೇಳಿಕೊಡಲಾರೆ.

ಕೆಟ್ಟ ಪ್ಯಾನಿಂಗ್ ಅಂದಾಗ ಒಬ್ಬರನ್ನು ನೆನೆಯಲೇಬೇಕು. ಫ್ರಾನ್ಸಿನ ಜಾಕ್ ಆನ್ರಿ ಲಾರ್ತಿಗ್. ಹುಟ್ಟಿದ್ದು 1894ರಲ್ಲಿ. ಹದಿಹರೆಯ ದಾಟುವ ಹೊತ್ತಿಗೆ ಫ್ರೆಂಚ್ ಗ್ರಾಂ ಪ್ರೀ ರೇಸಿನಲ್ಲಿ ಒಂದು ರೇಸ್ ಕಾರಿನ ಫೋಟೊ ತೆಗೆದರು. ಬಹಳ ಕಾಲ ಅದನ್ನು 1912ರದ್ದು ಅನ್ನುತ್ತಿದ್ದರು, ಆಮೇಲೆ 1913ರದ್ದು ಅಂತಾಯಿತು. ಕಾರಿನ ಮೂತಿ ಫ್ರೇಮಿನಿಂದ ಹೊರಗೆ ಹೋಗಿದೆ. ಚಕ್ರ ಮೊಟ್ಟೆಯಾಗಿ ಮುಂದಕ್ಕೆ ವಾಲಿದೆ. ನಿಂತ ಜನ, ಕಂಬಗಳು ಹಿಂದಕ್ಕೆ ವಾಲಿವೆ. ಅವರ ಕ್ಯಾಮೆರಾದ ಶಟರ್ ಒಂದು ಸಂದಿಯಂತೆ ಸರಿಯುತ್ತಿತ್ತು. ನೆಲದ ಭಾಗ ಮೊದಲು, ಮೇಲಿನ ಭಾಗ ಆಮೇಲೆ ದಾಖಲಾಯಿತು. ಅಷ್ಟರಲ್ಲಿ ಕಾರು ಮುಂದೆ ಹೋಗಿತ್ತು. ಅವರು ಕ್ಯಾಮೆರಾ ತಿರುಗಿಸುತ್ತಿದ್ದರು, ಅದಕ್ಕೇ ಜನ ಹಿಂದಕ್ಕೆ ವಾಲಿದರು. ಆದರೆ ಕಾರಿನಷ್ಟು ಬೇಗ ತಿರುಗಿಸಲಿಲ್ಲ, ಅದಕ್ಕೇ ಚಕ್ರ ಮುಂದಕ್ಕೆ ವಾಲಿತು. ಲೆಕ್ಕದ ಪ್ರಕಾರ ಕೆಟ್ಟುಹೋದ ಫೋಟೊ. ಲಾರ್ತಿಗ್ ಕೂಡ ಹಾಗೇ ಅಂದುಕೊಂಡು ಬದಿಗಿಟ್ಟಿದ್ದರು. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 1963ರಲ್ಲಿ ಅವರ ಪ್ರದರ್ಶನ ಮಾಡಿದಾಗ ಅವರಿಗೆ 69 ವರ್ಷ. ಇವತ್ತು ವೇಗದ ಫೋಟೊ ಅಂದರೆ ಮೊದಲು ಅದನ್ನೇ ತೋರಿಸುತ್ತಾರೆ.

ಇದರಲ್ಲಿ ನಿಮಗೊಂದು ಎಚ್ಚರಿಕೆಯೂ ಇದೆ. ಮಿರರ್‌ಲೆಸ್ ಕ್ಯಾಮೆರಾದ ಎಲೆಕ್ಟ್ರಾನಿಕ್ ಶಟರ್, ಮೊಬೈಲ್ ಕ್ಯಾಮೆರಾ ಇವೂ ಚಿತ್ರವನ್ನು ಸಾಲು ಸಾಲಾಗಿ ಓದುತ್ತವೆ. ಪ್ಯಾನಿಂಗ್ ಮಾಡಿದರೆ ಕರೆಂಟ್ ಕಂಬಗಳು ವಾಲಬಹುದು. ಮೆಕ್ಯಾನಿಕಲ್ ಶಟರ್ ಇದ್ದರೆ ಅದನ್ನೇ ಬಳಸಿ.

ಹಾಗಂತ ಎಲ್ಲ ವೇಗಕ್ಕೂ ಗೆರೆಯೇ ಬೇಕು ಅಂತಿಲ್ಲ. ಕಂಬಳದ ಫೋಟೊ ನೋಡಿರುತ್ತೀರಿ. 1/1000ರಲ್ಲಿ ತೆಗೆದರೂ ಯಾರೂ ಕೋಣಗಳು ನಿಂತಿವೆ ಅನ್ನುವುದಿಲ್ಲ. ಕೆಸರುನೀರು ಗೋಡೆಯ ಹಾಗೆ ಎದ್ದು ನಿಂತಿರುತ್ತದೆ, ಓಡಿಸುವವನ ಮೈ ಬಿಲ್ಲಾಗಿರುತ್ತದೆ. ನಿಂತ ಕೋಣ ಅಷ್ಟು ನೀರು ಎಬ್ಬಿಸುವುದಿಲ್ಲ ಅಂತ ನಮಗೆ ಗೊತ್ತು. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ರಸ್ತೆಯಲ್ಲಿ ನಡೆಯುವ ರ‍್ಯಾಲಿಗಳಲ್ಲೂ ಹೀಗೇ. ತಿರುವಿನಲ್ಲಿ ಕಾರು ಓರೆಯಾಗಿ, ಹಿಂದಿನ ಚಕ್ರದಿಂದ ಕಲ್ಲು ಮಣ್ಣು ಸಿಡಿಯುತ್ತಿರುವಾಗ ಜೋರು ಶಟರೇ ಸರಿ. ನನ್ನ ಆ ಹಳೆಯ ರೋಲ್ ಹಾಳಾಗಿದ್ದು ನಾನು ಟಾರ್ ರಸ್ತೆ ಪಕ್ಕ ನಿಂತಿದ್ದರಿಂದ. ಅರ್ಧ ಕಿಲೋಮೀಟರ್ ನಡೆದು ಮಣ್ಣಿನ ತಿರುವಿಗೆ ಹೋಗಿದ್ದರೆ ಅದೇ 1/1000 ಕೆಲಸ ಮಾಡುತ್ತಿತ್ತು. ಕಾರು ನಿಮ್ಮ ಕಡೆಗೇ ಬರುತ್ತಿದ್ದರೂ ಅಷ್ಟೇ. ಎದುರಿನಿಂದ ಬರುವ ಕಾರಿಗೆ ಪ್ಯಾನಿಂಗ್ ಅಷ್ಟಾಗಿ ಫಲ ಕೊಡುವುದಿಲ್ಲ, ಧೂಳೋ ಮಳೆನೀರೋ ನೆರವಿಗೆ ಬರಬೇಕು.

ಜಾಹೀರಾತುಗಳಲ್ಲಿ ರಸ್ತೆ ಪೂರ್ತಿ ಕರಗಿ ಹರಿಯುತ್ತಿರುತ್ತದಲ್ಲ, ಕಾರು ಮಾತ್ರ ಕನ್ನಡಿಯಂತೆ? ಅಂಥ ಎಷ್ಟೋ ಫೋಟೊಗಳಲ್ಲಿ ಎಂಜಿನ್ ಆಫ್ ಆಗಿರುತ್ತದೆ ಅಂದರೆ ನಂಬುತ್ತೀರಾ? ಕಾರಿಗೇ ಒಂದು ಉದ್ದ ಕೋಲನ್ನು ಸಕ್ಷನ್ ಕಪ್‌ನಿಂದ ಕಚ್ಚಿಸಿ, ಅದರ ತುದಿಗೆ ಕ್ಯಾಮೆರಾ ಕಟ್ಟುತ್ತಾರೆ. ಇಬ್ಬರು ಮೂವರು ಕಾರನ್ನು ನಡಿಗೆಯ ವೇಗದಲ್ಲಿ ತಳ್ಳುತ್ತಾರೆ. ಗಂಟೆಗೆ 5 ಕಿ.ಮೀ. ವೇಗದಲ್ಲಿ ಒಂದೂವರೆ ಸೆಕೆಂಡ್ ಶಟರ್ ತೆರೆದಿಟ್ಟರೆ ಕಾರು ಎರಡು ಮೀಟರ್ ಸರಿಯುತ್ತದೆ. ಹೂವಿನ ಲೆಕ್ಕದಲ್ಲಿ ಒಂದು ಮಾರು! ಕೋಲನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಳಿಸುತ್ತಾರೆ. ನಾನು ಇದನ್ನು ಮೊದಲು ಕಣ್ಣಾರೆ ಕಂಡ ದಿನ ಸ್ವಲ್ಪ ಬೇಜಾರೇ ಆಯಿತು.

ಕಂಪ್ಯೂಟರಿನಲ್ಲೇ ಹಿನ್ನೆಲೆ ಮಸುಕು ಮಾಡಿದರೆ ಆಗದೇ? ಆಗುತ್ತದೆ. ಆದರೆ ಸಿಕ್ಕಿಬೀಳುತ್ತೀರಿ. ಕಾರಿನ ಕಿಟಕಿ ಮೂಲಕ ಆ ಕಡೆಯ ಮರ ಚೂಪಾಗಿ ಕಾಣುತ್ತಿರುತ್ತದೆ, ಚಕ್ರದ ಕಡ್ಡಿ ನಿಂತಿರುತ್ತದೆ. ನಾನು ಮೊದಲು ನೋಡುವುದು ಆ ಎರಡನ್ನೇ.

ರಾತ್ರಿ ದೀಪದ ಗೆರೆಗಳಿಗೆ ಟ್ರೈಪಾಡ್ ಬೇಕು, ಆದ್ದರಿಂದ ನಿಮಗೆ ಸದ್ಯಕ್ಕೆ ಬೇಡ. ಮುಂದೆ ಮಾಡುವುದಾದರೆ ಐಎಸ್‌ಒ 100, ಎಫ್/8, 10ರಿಂದ 20 ಸೆಕೆಂಡ್, ಮತ್ತು ಜನ ನಡೆದಾಡುವ ಸ್ಕೈವಾಕ್‌ನಂಥ ಜಾಗ. ಓಡುತ್ತಿರುವ ಕಾರಿನ ಮುಂದೆ ರಾತ್ರಿ ಫ್ಲಾಶ್ ಹಾಕಬೇಡಿ, ಓಡಿಸುವವರ ಕಣ್ಣು ಕತ್ತಲಾಗುತ್ತದೆ.

ಅಭ್ಯಾಸಕ್ಕೆ ಭಾವನನ್ನು ಈಗಲೇ ಕರೆಯಬೇಡಿ. ಎರಡು ದಿನ ನಿಮ್ಮ ಬೀದಿಯ ಫುಟ್‌ಪಾತ್ ಮೇಲೆ ನಿಂತು ಆಟೊ, ಸೈಕಲ್, ಸಿಟಿ ಬಸ್ ಹಿಂದೆ ಕ್ಯಾಮೆರಾ ತಿರುಗಿಸಿ. ಮೂರನೆಯ ದಿನ, ಟ್ರಾಫಿಕ್ ಇಲ್ಲದ ರಸ್ತೆಯಲ್ಲಿ, ಇನ್ನೊಬ್ಬರನ್ನು ಹಿಂದಿನಿಂದ ಬರುವ ಗಾಡಿ ನೋಡಿಕೊಳ್ಳಲು ನಿಲ್ಲಿಸಿಕೊಂಡು ಭಾವನನ್ನು ಕರೆಯಿರಿ. ವ್ಯೂಫೈಂಡರ್‌ಗೆ ಕಣ್ಣಿಟ್ಟವರಿಗೆ ಪಕ್ಕದ ಲಾರಿ ಕಾಣುವುದಿಲ್ಲ. ಹೆದ್ದಾರಿಯ ಡಿವೈಡರ್ ಮೇಲೆ, ತಿರುವಿನ ಹೊರಮಗ್ಗುಲಲ್ಲಿ ನಿಲ್ಲಲೇಬೇಡಿ. ಕಾರು ಹಿಡಿತ ತಪ್ಪಿದರೆ ಬರುವುದು ಹೊರಮಗ್ಗುಲಿಗೇ.

ಮತ್ತೆ ಭಾವನಿಗೆ ಒಂದು ಮಾತು ಹೇಳಿಬಿಡಿ. ಕ್ಯಾಮೆರಾ ಕಡೆ ನೋಡಿ ನಗಬಾರದು. ರಸ್ತೆ ನೋಡಬೇಕು. ಎಲ್ಲರೂ ಮೊದಲ ಸಲ ಹಲ್ಲು ಬಿಟ್ಟೇ ಬರುತ್ತಾರೆ. ಹಿನ್ನೆಲೆ ಎಷ್ಟೇ ಚೆನ್ನಾಗಿ ಹರಿದಿದ್ದರೂ ಆ ಮುಖ ಮಾತ್ರ, ಸಿಗ್ನಲ್‌ನಲ್ಲಿ ನಿಂತಾಗ ಪರಿಚಯದವರು ಸಿಕ್ಕ ಹಾಗೆ ಕಾಣುತ್ತದೆ.